ಗಾಯ ಮಾಯ್ದರೆ ಸಾಲದು

ಇರಿತಕ್ಕೊಳಗಾದವನನ್ನೋ ಗಂಡನ ಹೊಡೆತಕ್ಕೆ ಕೈ ಮುರಿದವಳನ್ನೋ ಆಸ್ಪತ್ರೆಗೆ ತರುತ್ತಾರೆ. ವೈದ್ಯರು ಹೊಲಿಗೆ ಹಾಕುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ, ಗಾಯ ಮಾಯುತ್ತಲೇ ಮನೆಗೆ ಕಳುಹಿಸುತ್ತಾರೆ. ಅಲ್ಲಿಗೆ ಆಸ್ಪತ್ರೆಯ ಹೊಣೆ ತೀರಿತೆಂದೇ ನಾವೆಲ್ಲರೂ ತಿಳಿಯುತ್ತೇವೆ. ಆದರೆ ಗಾಯಾಳು ಮರಳುವುದು ಪೆಟ್ಟು ಬಿದ್ದ ಅದೇ ಬೀದಿಗೆ, ಅದೇ ಮನೆಗೆ. ಅಲ್ಲಿ ಹಗೆ ಆರಿರುವುದಿಲ್ಲ, ಕುಡಿತ ನಿಂತಿರುವುದಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ತರುವಾಗ ಜೀವವಿದ್ದರೆ ಪುಣ್ಯ.

ಅಮೇರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಡಾ. ಕಾರ್ನೆಲ್ ಕೂಪರ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. ತಾವು ಬದುಕಿಸಿದವರೇ ಮತ್ತೆ ಗುಂಡೇಟು ತಿಂದು ಬರುವುದನ್ನು ಕಂಡ ಅವರು 1998ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಘಾತ ಚಿಕಿತ್ಸಾ ಕೇಂದ್ರದಲ್ಲಿ ಹೊಸ ಕ್ರಮವೊಂದನ್ನು ಆರಂಭಿಸಿದರು. ಗಾಯಾಳು ಹಾಸಿಗೆಯಲ್ಲಿರುವಾಗಲೇ ಸಮಾಜ ಕಾರ್ಯಕರ್ತರು ಬಳಿ ಕುಳಿತು ಮಾತನಾಡಿಸುವುದು, ಬಿಡುಗಡೆಯಾದ ಮೇಲೂ ಕೈಬಿಡದೆ ಉದ್ಯೋಗ, ವಿದ್ಯೆ, ಮಾದಕ ವ್ಯಸನದ ಚಿಕಿತ್ಸೆಗೆ ದಾರಿ ಮಾಡಿಕೊಡುವುದು. ಹಿಂದೆಯೂ ಹಲ್ಲೆಗೊಳಗಾಗಿ ಗಾಯಗೊಂಡಿದ್ದ 100 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆಯದವರಲ್ಲಿ ಶೇ. 36ರಷ್ಟು ಮಂದಿ ಮತ್ತೆ ಹಲ್ಲೆಗೊಳಗಾಗಿ ಆಸ್ಪತ್ರೆ ಸೇರಿದರೆ, ನೆರವು ಪಡೆದವರಲ್ಲಿ ಆ ಪ್ರಮಾಣ ಕೇವಲ ಶೇ. 5. ಅಧ್ಯಯನ ಚಿಕ್ಕದೆಂಬುದು ನಿಜ. ಆದರೂ ಈ ಅಂತರವನ್ನು ತಳ್ಳಿಹಾಕುವಂತಿಲ್ಲ.

ಸಾವಿನ ಬಾಗಿಲು ಕಂಡು ಬಂದವನ ಮನಸ್ಸು ಮೆದುವಾಗಿರುತ್ತದೆ. ಬೇರೆ ದಿನ ಕಿವಿಗೆ ಹಾಕಿಕೊಳ್ಳದ ಹಿತವಚನ ಆಗ ನಾಟುತ್ತದೆ. ಅದೇ ಹೊತ್ತಿಗೆ ಸೇಡಿನ ಮಾತಾಡುವ ಗೆಳೆಯರೂ ಹಾಸಿಗೆಯ ಸುತ್ತ ನೆರೆದಿರುತ್ತಾರೆ. ಮೊದಲು ಯಾರ ಮಾತು ಕಿವಿಗೆ ಬೀಳುತ್ತದೆಂಬುದೇ ಇಲ್ಲಿ ಮುಖ್ಯ.

ಕೋವಿಯ ನಾಡಿನ ಮದ್ದು ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲೇ ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ 'ದಿಲಾಸಾ' ಕೇಂದ್ರ ತೆರೆಯಿತು. ನಗರಪಾಲಿಕೆಯೂ 'ಸೆಹತ್' ಸಂಸ್ಥೆಯೂ ಜೊತೆಗೂಡಿ ಮಾಡಿದ ಕೆಲಸವದು. ಮೆಟ್ಟಿಲಿನಿಂದ ಜಾರಿಬಿದ್ದೆ ಎಂದು ಹೇಳುವ ಹೆಂಗಸಿನ ಗಾಯ ಬೇರೆಯೇ ಕಥೆ ಹೇಳುತ್ತಿದ್ದರೆ ಅದನ್ನು ಗುರುತಿಸಲು ಅಲ್ಲಿನ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡಲಾಯಿತು. ಠಾಣೆಯ ಮೆಟ್ಟಿಲು ಹತ್ತಲು ಹೆದರುವವಳೂ ಮದ್ದಿಗೆಂದು ಆಸ್ಪತ್ರೆಗೆ ಹೋಗಬಲ್ಲಳು. ಮತ್ತೆ ಹೊಡೆತ ಬೀಳುವ ಸೂಚನೆ ಕಂಡರೆ ಎಲ್ಲಿಗೆ ಹೋಗಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಅಲ್ಲಿ ಅವಳೊಂದಿಗೆ ಮೊದಲೇ ಗೊತ್ತುಮಾಡಲಾಗುತ್ತದೆ.

ಕೇರಳವೂ ಹಿಂದೆ ಬೀಳಲಿಲ್ಲ. 2009ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ನೊಂದ ಸ್ತ್ರೀಯರಿಗಾಗಿ 'ಭೂಮಿಕ' ಕೇಂದ್ರಗಳನ್ನು ಆರಂಭಿಸಿದ್ದು ಸ್ತುತ್ಯರ್ಹ. ಜಗಳದಲ್ಲಿ ಗಾಯಗೊಂಡು ಸೇಡಿನ ಲೆಕ್ಕ ಹಾಕುತ್ತಾ ಮಲಗಿರುವ ಗಂಡಸಿಗೂ ಇಂತಹ ಆಸರೆ ಬೇಕು.

ಗಡಿನಾಡಿನವರಾದ ನಾವು ಮತ್ತೊಂದು ಮಾತನ್ನು ಸೇರಿಸಲೇಬೇಕಾಗಿದೆ. ಈ ಚಿಕಿತ್ಸೆಯ ಮದ್ದು ಮಾತು. ಹೊಟ್ಟೆನೋವನ್ನು ಬೆರಳಿಟ್ಟು ತೋರಿಸಬಹುದು. ಮನೆಯೊಳಗಿನ ನೋವನ್ನು ಹಾಗೆ ತೋರಿಸಲಾಗದು. ಕನ್ನಡ, ತುಳು ಮಾತ್ರ ಬಲ್ಲ ತಾಯಿಯೊಬ್ಬಳು ಅರೆಬರೆ ಮಲಯಾಳದಲ್ಲಿ ಮಾನದ ಪ್ರಶ್ನೆಯನ್ನು ಬಿಡಿಸಿ ಹೇಳಬಲ್ಲಳೇ? ಜೊತೆಗೆ ಬಂದ ಗಂಡನೇ ದುಭಾಷಿಯಾದರೆ ಅವಳ ಗತಿಯೇನು?

ಆದುದರಿಂದ ಮಂಜೇಶ್ವರ, ಕಾಸರಗೋಡು ಪ್ರದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಗಾಯಾಳುಗಳನ್ನು ಮಾತನಾಡಿಸಲು ನೇಮಕವಾಗುವವರಿಗೆ ಕನ್ನಡ ಬರಲೇಬೇಕೆಂದು ನಾವು ಆಗ್ರಹಿಸುತ್ತೇವೆ. ಜಿಲ್ಲಾ ಪಂಚಾಯತಿನವರೂ ಆರೋಗ್ಯ ಇಲಾಖೆಯವರೂ ಇತ್ತ ಗಮನ ಹರಿಸಲಿ. ನಮ್ಮ ಕುಟುಂಬಗಳೂ 'ಮನೆಯ ಮಾತು ಹೊರಗೆ ಹೋಗಬಾರದು' ಎಂಬ ಹಳೆಯ ಬಿಗುಮಾನವನ್ನು ಆಸ್ಪತ್ರೆಯ ಬಾಗಿಲಲ್ಲಾದರೂ ಬಿಡಲಿ. ಮುಚ್ಚಿಟ್ಟ ಗಾಯ ಕೀವಾಗುತ್ತದೆಂದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು.