ಒಂದು ಚೆಂಡು, ಒಂದು ರೈಲು

ಇರುವುದು ಒಂದೇ ಮಾರ್ಗ. ಅದರಲ್ಲೇ ರೈಲುಗಳು ಎರಡೂ ದಿಕ್ಕಿಗೆ ಓಡಬೇಕು. ಹೀಗಿದ್ದೂ ಅವು ಎದುರುಬದುರಾಗುವುದಿಲ್ಲವೇಕೆ?

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರ್‌ನಿಂದ ಠಾಣೆಗೆ 34 ಕಿ.ಮೀ. ದೂರ ಓಡಿದ್ದು ಭಾರತದ ಮೊದಲ ಪ್ರಯಾಣಿಕರ ರೈಲು. ಆಮೇಲೆ ದೇಶದ ಉದ್ದಗಲಕ್ಕೂ ಹಳಿಗಳು ಹರಡಿದವು. ಸಾವಿರಾರು ಕಿಲೋಮೀಟರ್ ಮಾರ್ಗ ಒಂಟಿಯಾಗಿತ್ತು. ಒಂಟಿ ಮಾರ್ಗದಲ್ಲಿ ರೈಲು ಪಕ್ಕಕ್ಕೆ ಸರಿಯಲು ಸಾಧ್ಯವಿರುವುದು ನಿಲ್ದಾಣಗಳಲ್ಲಿ ಮಾತ್ರ. ಭಾರವಾದ ರೈಲು ಬ್ರೇಕ್ ಹಾಕಿದೊಡನೆ ನಿಲ್ಲುವುದೂ ಇಲ್ಲ. ಚಾಲಕರು ಪರಸ್ಪರ ಕಂಡಾಗ ಕಾಲ ಮಿಂಚಿರುತ್ತದೆ.

ನಿಲ್ದಾಣದಿಂದ ನಿಲ್ದಾಣಕ್ಕೆ ತಂತಿ ಸಂದೇಶ ಕಳಿಸಿದರೆ ಸಾಲದೆ? ಸಾಲದೆಂಬುದು 1874ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಬಳಿ ತಿಳಿಯಿತು. ಸಂದೇಶದ ಗೊಂದಲದಿಂದ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾಗಿ 25 ಮಂದಿ ಸತ್ತರು. ಬರಿಯ ಮಾತಲ್ಲ, ಕೈಗೆ ಸಿಗುವ ವಸ್ತುವೇ ಅನುಮತಿಯಾಗಬೇಕೆಂದು ಎಡ್ವರ್ಡ್ ಟೈಯರ್ 1878ರಲ್ಲಿ ಟ್ಯಾಬ್ಲೆಟ್ ಯಂತ್ರವನ್ನು ರೂಪಿಸಿದರು.

ಇದೇ ತತ್ವದ 'ನೀಲ್ಸ್ ಬಾಲ್ ಟೋಕನ್' ಯಂತ್ರ ಭಾರತದಲ್ಲಿ ದಶಕಗಳ ಕಾಲ ರೈಲುಗಳನ್ನು ಕಾಯಿತು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ. ಎರಡರ ನಡುವೆ ವಿದ್ಯುತ್ ಸಂಪರ್ಕ. ಒಳಗೆ ಲೋಹದ ಚೆಂಡುಗಳು. ರೈಲು ಕಳಿಸುವ ಸ್ಟೇಷನ್ ಮಾಸ್ತರರು ಗಂಟೆ ಬಾರಿಸಿ ಒಪ್ಪಿಗೆ ಕೇಳುತ್ತಾರೆ. ಆಚೆಯವರು ಗುಂಡಿ ಒತ್ತಿ ವಿದ್ಯುತ್ ಹರಿಸಿದರೆ ಮಾತ್ರ ಈಚೆಯ ಬೀಗ ಸಡಿಲಿ ಒಂದು ಚೆಂಡು ಹೊರಬರುತ್ತದೆ. ಕೂಡಲೇ ಎರಡೂ ಯಂತ್ರಗಳಿಗೆ ಬೀಗ. ಆ ಚೆಂಡು ಯಂತ್ರಕ್ಕೆ ಮರಳುವವರೆಗೆ ಎಲ್ಲಿಂದಲೂ ಇನ್ನೊಂದು ಬಾರದು. ಚೆಂಡು ಕೈಸೇರದೆ ಚಾಲಕ ಹೊರಡುವಂತಿಲ್ಲ. ನಿಲ್ಲದೆ ಸಾಗುವ ರೈಲಿನಿಂದ ಸಿಬ್ಬಂದಿ ಕೈಚಾಚಿ ಸೆಳೆದುಕೊಳ್ಳುತ್ತಿದ್ದ ದೊಡ್ಡ ಬಳೆಯ ಚೀಲದಲ್ಲಿ ಇದ್ದುದು ಇದೇ ಚೆಂಡು.

ಚೆಂಡು ತಲುಪಿತೆಂದರೆ ಇಡೀ ರೈಲು ತಲುಪಿತೆಂದು ಅರ್ಥವೇ? ಅಲ್ಲ. ಕೊಂಡಿ ಕಳಚಿ ಒಂದು ಡಬ್ಬಿ ದಾರಿಯಲ್ಲೇ ಉಳಿದಿರಬಹುದು. ಅದಕ್ಕೇ ಕೊನೆಯ ಡಬ್ಬಿಯ ಹಿಂದೆ 'ಎಲ್.ವಿ.', ಅಂದರೆ 'ಲಾಸ್ಟ್ ವೆಹಿಕಲ್' ಎಂಬ ಫಲಕ. ರಾತ್ರಿ ಕೆಂಪು ದೀಪ. ಅದು ಕಣ್ಣಿಗೆ ಬಿದ್ದ ಮೇಲೆಯೇ ರೈಲು ಪೂರ್ತಿ ಬಂದಿದೆಯೆಂಬ ಖಾತ್ರಿ. ಯಂತ್ರಕ್ಕೆ ತಿಳಿಯದ್ದನ್ನು ಮನುಷ್ಯ ನೋಡಿ ಹೇಳಬೇಕಾಗಿತ್ತು.

ಇಂದು ಹಲವೆಡೆ ಈ ಕೆಲಸವನ್ನು ಚಕ್ರದ ಅಚ್ಚುಗಳನ್ನೆಣಿಸುವ ಸಾಧನ ಮಾಡುತ್ತದೆ. ಒಳಹೊಕ್ಕಷ್ಟೇ ಅಚ್ಚುಗಳು ಹೊರಬಂದರೆ ಮಾರ್ಗ ತೆರವು. 2020ರಲ್ಲಿ ರಾಷ್ಟ್ರೀಯ ಸುರಕ್ಷಾ ವ್ಯವಸ್ಥೆಯಾಗಿ ಅಂಗೀಕಾರವಾದ 'ಕವಚ'ವನ್ನು ಹಂತಹಂತವಾಗಿ ಅಳವಡಿಸಲಾಗುತ್ತಿದೆ. ಅಪಾಯವಿದ್ದಾಗ ಚಾಲಕ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ. ಸಾಧನಗಳು ಬದಲಾದರೂ ಒಂಟಿ ಮಾರ್ಗದಲ್ಲಿ ಎದುರುಬದುರಾಗಿ ರೈಲು ಬಿಡಬಾರದೆಂಬ ಮೂಲ ನಿಯಮ ಬದಲಾಗಿಲ್ಲ.

ಮುಂದೆ ನಿಲ್ದಾಣದಲ್ಲಿ ರೈಲು ಹಾದುಹೋದಾಗ, ಸುರಕ್ಷಿತ ದೂರದಲ್ಲಿ ನಿಂತು, ಮಕ್ಕಳಿಗೆ ಕೊನೆಯ ಡಬ್ಬಿಯ ಬೆನ್ನನ್ನೂ ತೋರಿಸಿ.