ತಲೆನೋವು ಬಂದವರೆಲ್ಲ ಕ್ಲೈಮ್ಯಾಕ್ಸಿನಲ್ಲಿ ಸಾಯುವುದಿಲ್ಲ!



ನಮ್ಮ ಸಿನಿಮಾಗಳಲ್ಲಿ ತಲೆನೋವಿಗೆ ಒಂದೇ ಅರ್ಥ. ನಾಯಕ ಹಾಡಿನ ಮಧ್ಯೆ ಹಣೆ ಹಿಡಿದುಕೊಂಡನೋ, ಮುಗೀತು! ಮುಂದಿನ ಸೀನಿನಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಕನ್ನಡಕ ತೆಗೆದು, ಇನ್ನು ಆರೇ ತಿಂಗಳು ಅನ್ನುತ್ತಾರೆ. ತಾಯಿ ಕುಸಿದು ಬೀಳುತ್ತಾಳೆ, ನಾಯಕಿ ದೇವಸ್ಥಾನದ ಗಂಟೆ ಬಾರಿಸುತ್ತಾಳೆ. ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಕರ್ಚೀಫೆಲ್ಲ ಒದ್ದೆ!

ಕತೆಗೇನೋ ಸರಿ. (ಎಕ್ಸ್‌ರೇಯಲ್ಲಿ ಮಿದುಳಿನ ಗೆಡ್ಡೆ ಸಾಮಾನ್ಯವಾಗಿ ಕಾಣೋದೇ ಇಲ್ಲ, ಅದಕ್ಕೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಆ ಮಾತು ನಿರ್ದೇಶಕರಿಗೆ ಬಿಡೋಣ.) ಆದರೆ ಆ ಸೀನು ನಿಮ್ಮ ತಲೆಯಲ್ಲಿ ಕೂತುಬಿಟ್ಟರೆ ಕಷ್ಟ. ಟೀ ಅಂಗಡಿಯಲ್ಲಿ ನನ್ನನ್ನು ತಡೆದು ತಲೆನೋವಿನ ಬಗ್ಗೆ ಕೇಳುವ ಹುಡುಗರಲ್ಲಿ ಎರಡು ಜಾತಿ. ಒಂದು, 'ಅಣ್ಣಾ, ಇದು ಟ್ಯೂಮರ್ ಇರಬಹುದಾ?' ಅಂತ ರಾತ್ರಿಯೆಲ್ಲ ನಿದ್ದೆಗೆಡುವ ಜಾತಿ. ಇನ್ನೊಂದು, ದಿನಾ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಂಡು ಟೀ ಜೊತೆ ನುಂಗುವ ಜಾತಿ. ಇಬ್ಬರೂ ತಪ್ಪು ದಾರಿಯಲ್ಲೇ ಇದ್ದಾರೆ.

ಮೊದಲು ಧೈರ್ಯದ ಮಾತು. ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 2,329 ವಯಸ್ಕರನ್ನು ಕೇಳಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಕಂಡವರು ನೂರಕ್ಕೆ ಅರವತ್ತಕ್ಕೂ ಹೆಚ್ಚು! ಅದರಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಟೆನ್ಷನ್ ತಲೆನೋವು.

'ನನಗ್ಯಾವ ಟೆನ್ಷನ್ ಸ್ವಾಮಿ? ಕೆಲಸವೇ ಇಲ್ಲ!' ಅನ್ನಬೇಡಿ. ಮನಸ್ಸಿನ ಬಿಗಿ ಒಂದು ಕಾರಣ ಮಾತ್ರ. ಬಿಡುಗಡೆಯ ದಿನದ ನಿಮ್ಮ ಕತೆಯನ್ನೇ ನೋಡಿ. ರಾತ್ರಿಯೆಲ್ಲ ಕಟೌಟಿಗೆ ಹಾರ ಕಟ್ಟಿದ್ದೀರಿ, ನಿದ್ದೆ ಇಲ್ಲ. ಬೆಳಗಿನ ತಿಂಡಿ ಇಲ್ಲ, ಬಿಸಿಲಲ್ಲಿ ಕುಣಿತ, ಗಂಟಲಿಗೆ ನೀರಿಲ್ಲ. ಆಮೇಲೆ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಎರಡೂವರೆ ಗಂಟೆ ಕತ್ತೆತ್ತಿ ಕೂತದ್ದು. ಮನೆಗೆ ಬಂದ ಮೇಲೆ ಕತ್ತು ಬಗ್ಗಿಸಿ ಮೊಬೈಲಿನಲ್ಲಿ 'ಓಪನಿಂಗ್ ಹೇಗಿದೆ' ಅಂತ ನೋಡಿದ್ದು. ಸಂಜೆ ತಲೆ ಹಿಡಿಯದೆ ಇನ್ನೇನು ಮಾಡೀತು?

ಈಗ ಗುರುತು ಹಿಡಿಯೋಣ. ತಲೆಗೆ ಪಟ್ಟಿ ಬಿಗಿದು ಕಟ್ಟಿದ ಹಾಗೆ ಇರುತ್ತೆ, ಒತ್ತುತ್ತೆ, ಭಾರ ಅನಿಸುತ್ತೆ. ಸಾಮಾನ್ಯವಾಗಿ ಎರಡೂ ಕಡೆ. ಹಣೆ, ಕಣತಲೆ, ಹಿಂದಲೆ, ಅಲ್ಲಿಂದ ಕತ್ತು, ಭುಜ. ಆ ಜಾಗಗಳನ್ನು ಬೆರಳಿನಿಂದ ಒತ್ತಿದರೆ ನೋಯಬಹುದು. ನೋವು ಸಣ್ಣದು ಅಥವಾ ಮಧ್ಯಮ. ಬೇಸರ ತರಿಸುತ್ತೆ, ಆದರೆ ಬಸ್ಸು ಹತ್ತಬಹುದು, ಮೆಟ್ಟಿಲೇರಬಹುದು. ಓಡಾಡಿದರೆ ನೋವು ಹೆಚ್ಚಾಗೋದಿಲ್ಲ. ವಾಂತಿ ಇಲ್ಲ. ಅರ್ಧ ಗಂಟೆಯಲ್ಲೂ ಹೋಗಬಹುದು, ಏಳು ದಿನವೂ ಕಾಡಬಹುದು.

ಇನ್ನು ಇದರ ದಾಯಾದಿ ಮೈಗ್ರೇನ್, ನಮ್ಮ ಅಜ್ಜಿಯರ ಅರೆತಲೆನೋವು. ಅದು ಬಹಳ ಸಲ ಒಂದೇ ಕಡೆ, ನಾಡಿ ಬಡಿದ ಹಾಗೆ ಮಿಡಿಯುತ್ತೆ. ಹೊಟ್ಟೆ ತೊಳಸುತ್ತೆ, ಬೆಳಕೂ ಬೇಡ, ಸದ್ದೂ ಬೇಡ, ಮೆಟ್ಟಿಲೇರಿದರೆ ಇಮ್ಮಡಿ. ಔಷಧಿ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆ. ಕತ್ತಲ ಕೋಣೆ ಹುಡುಕುವವನಿಗೆ ಮೈಗ್ರೇನ್ ಇರಬಹುದು. ತಲೆ ಒತ್ತಿಕೊಳ್ಳುತ್ತಲೇ ಸೆಕೆಂಡ್ ಶೋಗೆ ಹೊರಟವನಿಗೆ ಟೆನ್ಷನ್ ತಲೆನೋವು!

ಮಾತ್ರೆ ಪ್ರಿಯರೇ, ಈಗ ನಿಮ್ಮ ಸರದಿ. ಅಪರೂಪಕ್ಕೊಮ್ಮೆ ಪ್ಯಾರಸಿಟಮಾಲ್ ನುಂಗಿದರೆ ತಪ್ಪಿಲ್ಲ, ಪೊಟ್ಟಣದ ಮೇಲೆ ಬರೆದ ಪ್ರಮಾಣ ಮಾತ್ರ ಮೀರಬಾರದು. ಕುಡಿತವಿದ್ದವರು, ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ತಿಂಗಳಿಗೆ 15 ದಿನ ಸಾದಾ ನೋವಿನ ಮಾತ್ರೆ, ಅಥವಾ 10 ದಿನ ಎರಡು ಮೂರು ಔಷಧಿ ಬೆರೆಸಿದ ಮಾತ್ರೆ, ಹೀಗೇ ಮೂರು ತಿಂಗಳಿಗೂ ಮೀರಿ ನಡೆದರೆ ಆ ಮಾತ್ರೆಯೇ ತಲೆನೋವು ತರುತ್ತೆ. ಕಾಪಾಡಲು ಬಂದವನೇ ಇಂಟರ್ವಲ್ ಆದಮೇಲೆ ವಿಲನ್!

ಕೆಲವು ತಲೆನೋವುಗಳ ಜೊತೆ ಆಟ ಬೇಡ. ಸಿಡಿಲು ಹೊಡೆದ ಹಾಗೆ ಕ್ಷಣದಲ್ಲಿ ಬಂದ ಭಾರಿ ನೋವು. ಜ್ವರದ ಜೊತೆ ಕತ್ತು ಸೆಟೆದರೆ. ಮಾತು ತೊದಲಿದರೆ, ಕೈಕಾಲು ಸೋತರೆ, ದೃಷ್ಟಿ ಮಂಜಾದರೆ, ಫಿಟ್ಸ್ ಬಂದರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಶುರುವಾದರೆ. ಆವಾಗ ಮೆಡಿಕಲ್ ಸ್ಟೋರಲ್ಲ, ನೇರ ಆಸ್ಪತ್ರೆ. ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ನೋವು, ಕೆಮ್ಮಿದರೆ ಹೆಚ್ಚಾಗುವ ನೋವು, ಐವತ್ತು ದಾಟಿದ ಅಪ್ಪನಿಗೆ ಹೊಸದಾಗಿ ಬಂದ ನೋವು, ಇವನ್ನೂ ಡಾಕ್ಟರು ಬೇಗ ನೋಡಬೇಕು. ಜ್ವರವಿದ್ದಾಗ ಡೆಂಗೆಯ ಅನುಮಾನ ಇರೋದರಿಂದ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಲೇಬೇಡಿ.

ಉಳಿದವರಿಗೆ ಮದ್ದು ಕೈಯಲ್ಲೇ ಇದೆ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ದೆ, ಜೇಬಲ್ಲಿ ದುಡ್ಡಿಲ್ಲದಿದ್ದರೂ ಕೈಯಲ್ಲೊಂದು ನೀರಿನ ಬಾಟ್ಲು. ಇಂಟರ್ವಲ್ಲಿನಲ್ಲಿ ಎದ್ದು ಭುಜ ತಿರುಗಿಸಿ, ಕತ್ತನ್ನು ಮೆಲ್ಲಗೆ ಆಚೀಚೆ ಆಡಿಸಿ. ಕತ್ತಿಗೆ ಬಿಸಿನೀರಿನ ಬಟ್ಟೆ ಇಟ್ಟರೆ ಹಿತ. ಆದರೆ ಕ್ಷೌರದಂಗಡಿಯಲ್ಲಿ ಲಟಕ್ಕೆಂದು ಕತ್ತು ತಿರುವಿಸಿಕೊಳ್ಳಬೇಡಿ, ಕತ್ತಿನ ರಕ್ತನಾಳಕ್ಕೆ ಪೆಟ್ಟಾದೀತು.

ಕೊನೆಗೊಂದು ಮಾತು. ನೆಚ್ಚಿನ ನಟನ ಚಿತ್ರ ಯಾವ ಥಿಯೇಟರಿನಲ್ಲಿ 25 ದಿನ, ಯಾವುದರಲ್ಲಿ 100 ದಿನ ಅನ್ನೋದು ನಿಮಗೆ ಬಾಯಿಪಾಠ. ಅದೇ ಶ್ರದ್ಧೆಯಿಂದ ತಲೆನೋವಿನ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಎಂದು ಬಂತು, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ನುಂಗಿದಿರಿ. ತಿಂಗಳಿಗೆ 15 ದಿನದಂತೆ ಮೂರು ತಿಂಗಳು ದಾಟಿತೋ, ಆ ಕ್ಯಾಲೆಂಡರ್ ಸುತ್ತಿಕೊಂಡು ಡಾಕ್ಟರ ಹತ್ತಿರ ನಡೆಯಿರಿ. ಶತದಿನೋತ್ಸವ ಸಿನಿಮಾಗೆ ಇರಲಿ ಗುರುಗಳೇ, ತಲೆನೋವಿಗೆ ಬೇಡ!