ಮುಪ್ಪಿನ ಬುತ್ತಿ



ಹೊಲವು ಒಕ್ಕಲಿಗನಿಗೆ ಇಂದಿನ ಅನ್ನವಷ್ಟೇ ಅಲ್ಲ, ಮುಪ್ಪಿನ ಆಸರೆಯೂ ಹೌದು. ಮೈ ಸೋತಾಗ ಮಕ್ಕಳು ಉಳುತ್ತಾರೆ. ಹಿರಿಯರ ತುತ್ತು ತಪ್ಪುವುದಿಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ವರ್ಷವರ್ಷವೂ ಉಣಿಸುತ್ತಿದ್ದ ಭೂಮಿಗೆ ಬದಲಾಗಿ ಬಂದುದು ಪರಿಹಾರದ ಹಣ. ಭೂಮಿ ಮತ್ತೆ ಚಿಗುರುತ್ತದೆ. ಕರಗಿದ ಹಣ ಚಿಗುರುವುದಿಲ್ಲ.

ಈ ಪಾಠ ನೌಕರರ ಮನೆಗಳಿಗೂ ಸಲ್ಲುತ್ತದೆ. ರಾಜ್ಯ ಸರ್ಕಾರವು 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿಯನ್ನು ತಂದಿತು. ಹಿಂದಿನವರಿಗೆ ವೇತನವನ್ನು ಆಧರಿಸಿದ ನಿಶ್ಚಿತ ಪಿಂಚಣಿ. ಇವರಿಗೆ ಕೂಡಿಟ್ಟ ನಿಧಿ ಬೆಳೆದಷ್ಟೇ ಫಲ. ನಿವೃತ್ತಿಯಾದಾಗ ನಿಧಿಯ ಶೇಕಡಾ 60ರವರೆಗೆ ಒಟ್ಟಿಗೆ ಪಡೆಯಬಹುದು. ಉಳಿದುದು ಮಾಸಿಕ ಪಿಂಚಣಿಗೆ. ಒಟ್ಟಿಗೆ ಬಂದುದನ್ನು ಮದುವೆಯ ಆಡಂಬರಕ್ಕೂ ಮಗನ ಮನೆಯ ಮಹಡಿಗೂ ಸುರಿದು, ಬಳಿಕ ಔಷಧಕ್ಕಾಗಿ ಕೈಯೊಡ್ಡುವ ತಂದೆತಾಯಿಗಳು ನಮ್ಮ ಸಮಾಜದಲ್ಲಿಯೂ ಇದ್ದಾರೆ.

ಸಂಬಳವನ್ನೇ ಕಾಣದ ಕಾಯಕಜೀವಿಗಳ ಗತಿಯೇನು? ಕಾರವಾರದ ಬಡ ಮೀನುಗಾರನಿಗೆ, ಅಂಕೋಲೆಯಲ್ಲಿ ತರಕಾರಿ ಮಾರುವ ಅಜ್ಜಿಗೆ 65 ತುಂಬಿದ ಮೇಲೆ ದೊರೆಯುವುದು ಸಂಧ್ಯಾ ಸುರಕ್ಷಾ ಯೋಜನೆಯ ಮಾಸಿಕ 1,200 ರೂಪಾಯಿ. ಇದನ್ನೂ ಬೊಕ್ಕಸಕ್ಕೆ ಹೊರೆಯೆನ್ನುವವರುಂಟು. ಜೀವಮಾನವಿಡೀ ಬೆವರು ಸುರಿಸಿದವರಿಗೆ ಸಲ್ಲುವ ಈ ಪಾಲು, ಶರಣರ ದೃಷ್ಟಿಯಲ್ಲಿ, ಸಮಾಜ ತೀರಿಸಬೇಕಾದ ದಾಸೋಹದ ಬಾಕಿ.

ಆದುದರಿಂದ ಮನೆಯ ಹಿರಿಯರ ಹಣ ಅವರ ಹೆಸರಿನಲ್ಲಿಯೇ ಇರಲಿ. ನೆರೆಮನೆಯ ಅಜ್ಜಿಯ ಅರ್ಜಿಯನ್ನು ನಾಡಕಚೇರಿಗೆ ಮುಟ್ಟಿಸಿರಿ. ಅದೂ ಜಂಗಮಸೇವೆಯೇ.